ಊಟ ಬಿಟ್ಟ ಗುಂಡ: ಸಕ್ಕರೆ ಕಾಯಿಲೆಯ ಮುದಿ ಬೆಕ್ಕೊಂದರ ಪ್ರಕರಣ ಅಧ್ಯಯನ

ಮೈಸೂರಿನ ಹಳೇ ಬಡಾವಣೆಯೊಂದರ ಮನೆ. ಮೇಲೆ ನಿವೃತ್ತ ದಂಪತಿ, ಕೆಳಗೆ ಬಾಡಿಗೆಗೆ ಒಂದು ಸಂಸಾರ. ಗುರುತು ಸಿಗಬಾರದು ಅಂತ ಹೆಸರುಗಳನ್ನೂ ಕೆಲವು ಸಣ್ಣಪುಟ್ಟ ವಿವರಗಳನ್ನೂ ಬದಲಾಯಿಸಿದ್ದೇನೆ. ಬೆಕ್ಕನ್ನು ಗುಂಡ ಅನ್ನೋಣ, ಯಜಮಾನರನ್ನು ರಾಯರು ಅನ್ನೋಣ. ಚಿಕ್ಕ ಪ್ರಾಣಿಗಳ ವೈದ್ಯರಿಗೆ ಇಂಥ ಪ್ರಕರಣ ಅಪರೂಪವೇನಲ್ಲ. ಆದರೆ ತಪ್ಪು ತೀರ್ಮಾನಕ್ಕೆ ಇಷ್ಟೊಂದು ಜಾಗ ಇರುವ ಪ್ರಕರಣಗಳು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಗುಂಡನಿಗೆ 13 ವರ್ಷ. ನಾಡ ಬೆಕ್ಕು, ಸಂತಾನಹರಣ ಆಪರೇಷನ್ ಆದ ಗಂಡು. ಒಂದು ಕಾಲದಲ್ಲಿ 6 ಕೆಜಿ ದಾಟಿದ್ದ. ಬೆಕ್ಕಿನ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಮನುಷ್ಯರ ಟೈಪ್ 2 ಥರದ್ದೇ. ದಪ್ಪಗಿರುವ, ಮನೆಯೊಳಗೇ ಮಲಗಿರುವ, ಆಪರೇಷನ್ ಆದ ಗಂಡುಗಳಲ್ಲಿ ಜಾಸ್ತಿ. ಗುಂಡನಿಗೆ ಈ ಮೂರೂ ಒಪ್ಪುತ್ತಿತ್ತು. ಅದರ ಮೇಲೆ ಅವನ ಊಟ. ಬೆಳಿಗ್ಗೆ ಹಾಲು, ದಿನವಿಡೀ ಪ್ಯಾಕೆಟ್ಟಿನ ಒಣ ತಿಂಡಿ, ರಾತ್ರಿ ಮೊಸರನ್ನ. ಬೆಕ್ಕು ಪೂರ್ತಿ ಮಾಂಸಾಹಾರಿ ಪ್ರಾಣಿ, ಆದರೆ ಆ ಮನೆಯೊಳಗೆ ಮಾಂಸ ಬರುವ ಮಾತೇ ಇರಲಿಲ್ಲ.

ಎಂಟು ತಿಂಗಳ ಹಿಂದೆ ನೀರು ಜಾಸ್ತಿ ಕುಡಿಯಲು ಶುರುಮಾಡಿದಾಗ ಕಾಯಿಲೆ ಗೊತ್ತಾಯಿತು. ಗ್ಲಾರ್ಜಿನ್ ಇನ್ಸುಲಿನ್, ದಿನಕ್ಕೆ ಎರಡು ಸಲ, 2 ಯೂನಿಟ್. ಚುಚ್ಚುವುದು ರಾಯರ ಕೆಲಸ. ಅವರಿಗೂ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಇಬ್ಬರಿಗೂ ಒಂದೇ ಮೀಟರ್, ಸೂಜಿ ಮಾತ್ರ ಬೇರೆ. ರಾಯರ ಡೈರಿಯಲ್ಲಿ ಎಡಗಡೆ ಅವರ ಅಂಕಿ, ಬಲಗಡೆ ಗುಂಡನದು.

ಕರೆದುಕೊಂಡು ಬಂದಾಗ

ಬಂದ ದಿನ ಗುಂಡನ ತೂಕ 4.3 ಕೆಜಿ. ನಾಲ್ಕೈದು ದಿನದಿಂದ ಊಟ ಕಮ್ಮಿಯಾಗುತ್ತಾ ಬಂದು, ಕೊನೆಯ ಎರಡು ದಿನ ಏನೂ ಇಲ್ಲ. ಈ ಎರಡು ದಿನದಲ್ಲಿ ಮನೆಯಲ್ಲಿ ನಡೆದದ್ದನ್ನು ಕೇಳಿದರೆ ಪಾಪ ಅನಿಸುತ್ತದೆ. ಹಾಲು, ಬೆಣ್ಣೆ, ಪನೀರ್, ಮಕ್ಕಳ ಸೀರಿಯಲ್ ಎಲ್ಲ ಮುಂದಿಟ್ಟಿದ್ದರು. (ಸಿಹಿ ತೋರಿಸಿ ಬೆಕ್ಕನ್ನು ಒಲಿಸಲು ಆಗುವುದಿಲ್ಲ. ಸಿಹಿ ರುಚಿ ಹಿಡಿಯುವ ಜೀನ್ ಅವುಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ.) ಒಣ ತಿಂಡಿಯನ್ನು ನೀರಲ್ಲಿ ಕಲಸಿ, ಸಿರಿಂಜಿಗೆ ತುಂಬಿ, ಅಡುಗೆಮನೆಯ ಮೂಲೆಯಲ್ಲಿ ಟವೆಲ್ ಸುತ್ತಿ ಕೂರಿಸಿ ಬಾಯಿಗೆ ಹಾಕಿದ್ದರು. ಮೆಡಿಕಲ್ ಶಾಪಿನಿಂದ ಮಕ್ಕಳ ಹಸಿವಿನ ಟಾನಿಕ್ ಕೂಡ ಬಂದಿತ್ತು. ಪುಣ್ಯಕ್ಕೆ ಅದರ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ ಒಂದು ವಿಷಯವನ್ನು ರಾಯರು ಕೊನೆಯಲ್ಲಿ, ಏನೂ ಅಲ್ಲ ಅನ್ನುವ ಹಾಗೆ ಹೇಳಿದರು.

“ಊಟ ಇಲ್ಲ ಅಂದ್ಮೇಲೆ ಇನ್ಸುಲಿನ್ ಯಾಕೆ ಅಂತ ಎರಡು ದಿನದಿಂದ ಬಿಟ್ಟಿದೀನಿ ಡಾಕ್ಟ್ರೇ. ಏಕಾದಶಿ ದಿನ ನಾನೂ ಮಾತ್ರೆ ಬಿಡ್ತೀನಲ್ಲ, ಹಾಗೆ.”

ಅವರ ಲೆಕ್ಕ ಪೂರ್ತಿ ತಪ್ಪೇನಲ್ಲ. ಊಟ ಮಾಡದ ಬೆಕ್ಕಿಗೆ ಪೂರ್ತಿ ಡೋಸ್ ಚುಚ್ಚಿದರೆ ಸಕ್ಕರೆ ಕುಸಿದು ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಒಂದು ಹೊತ್ತು ಬಿಟ್ಟು ವೈದ್ಯರಿಗೆ ಫೋನ್ ಮಾಡಿದ್ದರೆ ಸರಿಯಾಗಿರುತ್ತಿತ್ತು. ಆದರೆ ಇನ್ಸುಲಿನ್ ಬರೀ ಊಟದ ಸಕ್ಕರೆಗಾಗಿ ಇರುವುದಲ್ಲ. ಅದು ಪೂರ್ತಿ ನಿಂತರೆ ದೇಹ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ, ಆ ಕೊಬ್ಬಿನಿಂದ ಹುಟ್ಟುವ ಕೀಟೋನ್ ಅನ್ನುವ ಆಮ್ಲ ರಕ್ತದಲ್ಲಿ ತುಂಬುತ್ತದೆ. ಕೀಟೋನ್ ಏರಿದರೆ ಹೊಟ್ಟೆ ತೊಳಸುತ್ತದೆ. ಹೊಟ್ಟೆ ತೊಳಸಿದರೆ ಊಟ ಇನ್ನೂ ದೂರ. ಹೀಗೆ ಸುತ್ತಿಕೊಂಡು ಹೋಗುತ್ತದೆ. ಮಾತ್ರೆಯಲ್ಲಿರುವ ಮನುಷ್ಯ ಒಂದು ದಿನ ಉಪವಾಸ ಮಾಡುವುದು ಬೇರೆ, ಇನ್ಸುಲಿನ್ ಮೇಲೇ ನಿಂತಿರುವ ಬೆಕ್ಕು ಎರಡು ದಿನ ಹಸಿದಿರುವುದು ಬೇರೆ.

ತಟ್ಟೆಯ ಪರೀಕ್ಷೆ

ರಕ್ತ ತೆಗೆಯುವ ಮುಂಚೆ ಒಂದು ಪುಟ್ಟ ತಟ್ಟೆಯಲ್ಲಿ ಮೀನಿನ ವಾಸನೆಯ ಬೆಕ್ಕಿನ ಊಟ ಹಾಕಿ ನೆಲದ ಮೇಲಿಟ್ಟು, ಗುಂಡನನ್ನು ಬುಟ್ಟಿಯಿಂದ ಬಿಟ್ಟೆ. ನಾವೆಲ್ಲ ದೂರ ಸರಿದೆವು. ಅವನು ಎದ್ದು ತಟ್ಟೆಯ ಹತ್ತಿರ ಹೋದ. ಮೂಸಿದ. ನಾಲಿಗೆಯಿಂದ ಮೂಗು ಸವರಿಕೊಂಡ, ಏನೂ ಬಾಯಿಗೆ ಹಾಕಿಕೊಳ್ಳದೆಯೇ ಗುಟುಕ್ಕಂತ ನುಂಗಿದ. ಮತ್ತೊಮ್ಮೆ ಮೂಸಿ ಮುಖ ತಿರುಗಿಸಿದ. ಆಮೇಲೆ ಮುಂಗಾಲಿನಿಂದ ತಟ್ಟೆಯ ಸುತ್ತ ನೆಲ ಕೆರೆಯತೊಡಗಿದ, ಅದನ್ನು ಮಣ್ಣಲ್ಲಿ ಮುಚ್ಚುವವನ ಹಾಗೆ.

“ನೋಡಿ, ಹೀಗೇ ಸೊಕ್ಕು ಮಾಡ್ತಾನೆ. ಬೇಕು ಅಂತ ಬರ್ತಾನೆ, ಬೇಡ ಅಂತ ಹೋಗ್ತಾನೆ,” ಅಂದರು ರಾಯರ ಹೆಂಡತಿ.

ಅದು ಸೊಕ್ಕಲ್ಲ. ತಟ್ಟೆಯ ಹತ್ತಿರವೇ ಬಾರದ ಬೆಕ್ಕಿಗೆ ಹಸಿವಿಲ್ಲ. ಬಂದು, ಮೂಸಿ, ತುಟಿ ನೆಕ್ಕಿ, ಮುಖ ತಿರುಗಿಸುವ ಬೆಕ್ಕಿಗೆ ಹಸಿವಿದೆ, ಹೊಟ್ಟೆ ತೊಳಸುತ್ತಿದೆ. ಬಾಯಿಗೆ ಹಾಕಿಕೊಂಡು ತಲೆ ಕೊಡವಿ ಬೀಳಿಸುವ, ಒಂದೇ ಕಡೆ ಅಗಿಯುವ ಬೆಕ್ಕಿಗೆ ಹಲ್ಲು ನೋವು. ಈ ಮೂರನ್ನೂ ಮನೆಯವರು “ತಿಂತಾ ಇಲ್ಲ” ಅಂತ ಒಂದೇ ಮಾತಲ್ಲಿ ಹೇಳುತ್ತಾರೆ. ಮೂರಕ್ಕೂ ದಾರಿ ಬೇರೆ. ಈ ಪ್ರಕರಣ ಮೊದಲು ಹೊರಳಿದ್ದು ಇಲ್ಲಿ. ಏನು ತಿನ್ನಿಸಬೇಕು ಅನ್ನುವ ಪ್ರಶ್ನೆ ಬಿಟ್ಟು, ಹೊಟ್ಟೆ ಯಾಕೆ ತೊಳಸುತ್ತಿದೆ ಅನ್ನುವ ಪ್ರಶ್ನೆಗೆ ಬಂದೆವು.

ಉತ್ತರ ಒಂದೇ ಇರಲಿಲ್ಲ. ಸಕ್ಕರೆ 412. ಮೂತ್ರದಲ್ಲಿ ಕೀಟೋನ್ ಇತ್ತು, ಇನ್ನೂ ವಿಪರೀತಕ್ಕೆ ಹೋಗಿರಲಿಲ್ಲ. ಪೊಟ್ಯಾಸಿಯಂ 3.0, ಅಂದರೆ ಕಮ್ಮಿ. ಕ್ರಿಯಾಟಿನಿನ್ 2.1, ಮೂತ್ರಪಿಂಡ ಸ್ವಲ್ಪ ದಣಿದಿತ್ತು. ಪಕ್ಕೆಲುಬಿನ ಕೆಳಗೆ ಒತ್ತಿದರೆ ಮೈ ಬಿಗಿ ಮಾಡುತ್ತಿದ್ದ. ಮೇದೋಜೀರಕ ಗ್ರಂಥಿಯ ಉರಿಯೂತ ತೋರಿಸುವ ಲೈಪೇಸ್ ಪರೀಕ್ಷೆ ಏರಿತ್ತು, ಸ್ಕ್ಯಾನಿಂಗ್‌ನಲ್ಲೂ ಗ್ರಂಥಿ ಊದಿಕೊಂಡಿತ್ತು. ಇನ್ಸುಲಿನ್ ತಯಾರಾಗುವುದು ಇದೇ ಗ್ರಂಥಿಯಲ್ಲಿ. ಹಾಗಾಗಿ ಈ ಎರಡು ಕಾಯಿಲೆ ಬೆಕ್ಕಿನಲ್ಲಿ ಜೊತೆಜೊತೆಗೇ ಕಾಣುವುದು ಸಾಮಾನ್ಯ. ಮನುಷ್ಯರಲ್ಲಿ ಹೊಟ್ಟೆ ಹಿಡಿದುಕೊಂಡು ಒದ್ದಾಡಿಸುವ ಈ ಉರಿಯೂತ, ಬೆಕ್ಕಿನಲ್ಲಿ ಎಷ್ಟೋ ಸಲ ಸುಮ್ನೆ ಊಟ ಬಿಡಿಸುತ್ತದೆ ಅಷ್ಟೇ. ವಾಂತಿಯೂ ಇರುವುದಿಲ್ಲ.

ನನಗೆ ಹೆಚ್ಚು ಭಯವಾದದ್ದು ಕಿವಿ ನೋಡಿ. ಕಿವಿಯ ಒಳಗಿನ ತೊಗಲು ತುಸು ಹಳದಿಗೆ ತಿರುಗಿತ್ತು, ಕಾಮಾಲೆ ತೋರಿಸುವ ಬಿಲಿರುಬಿನ್ ಕೂಡ ಏರಿತ್ತು. ದಪ್ಪಗಿದ್ದ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೂ ಸಾಕು, ಮೈಯ ಕೊಬ್ಬೆಲ್ಲ ಹೋಗಿ ಲಿವರ್‌ನಲ್ಲಿ ಕೂರಬಹುದು. ನಾಯಿಯಲ್ಲಿ ಹೀಗಾಗುವುದು ತೀರಾ ಅಪರೂಪ. ಬೆಕ್ಕಿಗೆ ಉಪವಾಸವೇ ಒಂದು ಕಾಯಿಲೆ. “ಹಸಿವಾದ್ರೆ ತಾನೇ ತಿನ್ನುತ್ತೆ ಬಿಡಿ” ಅನ್ನುವ ಮಾತನ್ನು ಬೆಕ್ಕಿನ ವಿಷಯದಲ್ಲಿ ಯಾರೂ ಹೇಳಬಾರದು.

ಹಲ್ಲನ್ನೂ ನೋಡಿದೆ. ಕೆಳದವಡೆಯ ಒಂದು ಹಲ್ಲು ಬುಡದಲ್ಲಿ ಸವೆದಿತ್ತು. ಕೀಳಬೇಕಾದದ್ದೇ, ಆದರೆ ಈಗಲ್ಲ. ಈ ಸ್ಥಿತಿಯಲ್ಲಿ ಅರಿವಳಿಕೆ ಕೊಡುವುದು ಹುಚ್ಚುತನ.

ಮೊದಲ ಎರಡು ದಿನ

ಇನ್ಸುಲಿನ್ ಮುಟ್ಟುವ ಮುಂಚೆ ಸಿರಿಂಜ್ ತೋರಿಸಲು ಹೇಳಿದೆ. ನಮ್ಮಲ್ಲಿ 40 ಯೂನಿಟ್ಟಿನದ್ದೂ 100 ಯೂನಿಟ್ಟಿನದ್ದೂ ಎರಡೂ ಸಿಗುತ್ತವೆ. ಕೆಂಪು ಮುಚ್ಚಳ 40ರದ್ದು, ಕಿತ್ತಳೆ ಮುಚ್ಚಳ 100ರದ್ದು. ಗುಂಡನ ಗ್ಲಾರ್ಜಿನ್ 100ರ ಔಷಧ, ಅಂದರೆ ಒಂದು ಮಿಲಿಲೀಟರ್‌ನಲ್ಲಿ 100 ಯೂನಿಟ್. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 2ರ ಗೆರೆಗೆ ಎಳೆದರೆ ಹೋಗುವುದು 5 ಯೂನಿಟ್. ಅಂಗಡಿಯಲ್ಲಿ ಒಂದು ಸ್ಟಾಕ್ ಇಲ್ಲ ಅಂದರೆ ಇನ್ನೊಂದನ್ನು ಕೊಟ್ಟುಬಿಡುವುದುಂಟು. ರಾಯರದು ಕಿತ್ತಳೆ ಮುಚ್ಚಳವೇ ಆಗಿತ್ತು, ಸರಿಯಿತ್ತು. ಸಕ್ಕರೆಯ ಅಂಕಿ ಅಡ್ಡಾದಿಡ್ಡಿ ಇದ್ದರೆ ಬೇರೆಲ್ಲ ಯೋಚಿಸುವ ಮುಂಚೆ ಈ ಮುಚ್ಚಳ ನೋಡುವುದು ಒಳ್ಳೆಯದು.

ಗುಂಡನನ್ನು ಕ್ಲಿನಿಕ್‌ನಲ್ಲೇ ಇಟ್ಟುಕೊಂಡೆವು. ಡ್ರಿಪ್ ಹಾಕಿದಾಗ ರಾಯರ ಹೆಂಡತಿಗೆ ಗಾಬರಿ. “ಶುಗರ್ ಇರೋನಿಗೆ ಗ್ಲೂಕೋಸ್ ಹಾಕ್ತಿದೀರಲ್ಲ ಡಾಕ್ಟ್ರೇ!” ಬಾಟಲಿಯಲ್ಲಿದ್ದದ್ದು ಉಪ್ಪುನೀರು, ಅದಕ್ಕೆ ಪೊಟ್ಯಾಸಿಯಂ ಬೆರೆಸಿತ್ತು. ಮೊದಲು ಪೊಟ್ಯಾಸಿಯಂ, ಆಮೇಲೆ ಇನ್ಸುಲಿನ್. ಈ ಕ್ರಮ ಮುಖ್ಯ. ಇನ್ಸುಲಿನ್ ಹೋದ ಕೂಡಲೇ ಪೊಟ್ಯಾಸಿಯಂ ರಕ್ತದಿಂದ ಜೀವಕೋಶದೊಳಗೆ ಸರಿಯುತ್ತದೆ. ಮೊದಲೇ ಕಮ್ಮಿ ಇದ್ದದ್ದು ಇನ್ನೂ ಇಳಿದರೆ ಬೆಕ್ಕು ಕತ್ತು ಎತ್ತಲಾರದ ಹಾಗಾಗುತ್ತದೆ, ಹೃದಯಕ್ಕೂ ತೊಂದರೆ. ಕೆಲವು ಗಂಟೆ ಕಾದು, ಗ್ಲಾರ್ಜಿನ್ ಅರ್ಧ ಡೋಸ್ ಕೊಟ್ಟೆವು. ಜೊತೆಗೆ ಬೇಗ ಕೆಲಸ ಮಾಡುವ ರೆಗ್ಯುಲರ್ ಇನ್ಸುಲಿನ್ ಸ್ವಲ್ಪ ಸ್ವಲ್ಪವೇ, ಪದೇ ಪದೇ ಸಕ್ಕರೆ ನೋಡಿಕೊಂಡು. ಸಕ್ಕರೆ 250ರ ಸುತ್ತ ಇಳಿದಾಗ ಡ್ರಿಪ್‌ಗೆ ನಿಜವಾಗಿಯೂ ಗ್ಲೂಕೋಸ್ ಸೇರಿಸಿದೆವು. ಅಮ್ಮನಿಗೆ, ಅಂದರೆ ರಾಯರ ಹೆಂಡತಿಗೆ, ಅದನ್ನು ವಿವರಿಸಲು ಇನ್ನೊಂದು ಸುತ್ತು ಮಾತಾಡಬೇಕಾಯಿತು. ಕೀಟೋನ್ ಹೋಗಬೇಕಾದರೆ ಇನ್ಸುಲಿನ್ ಬೇಕು, ಊಟ ಇಲ್ಲದವನಿಗೆ ಇನ್ಸುಲಿನ್ ಕೊಡಬೇಕಾದರೆ ಗ್ಲೂಕೋಸ್ ಬೇಕು.

ಹೊಟ್ಟೆ ತೊಳಸುವುದಕ್ಕೆ ಮಾರೋಪಿಟಂಟ್, ಒಂಡಾನ್ಸೆಟ್ರಾನ್. ನೋವಿಗೆ ಬ್ಯುಪ್ರೆನಾರ್ಫಿನ್. ಬಿ12 ಇಂಜೆಕ್ಷನ್. ನೋವಿನ ಔಷಧವನ್ನು ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ, ಬೆಕ್ಕು ಕೂಗುವುದಿಲ್ಲವಲ್ಲ ಅಂತ. ಕೂಗದಿದ್ದರೂ ಹೊಟ್ಟೆ ನೋಯುವವನು ಉಣ್ಣುವುದಿಲ್ಲ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅನ್ನಂತೂ ಬೆಕ್ಕಿಗೆ ತೋರಿಸಲೂಬೇಡಿ, ಅದು ಅವುಗಳಿಗೆ ವಿಷ.

ಹಸಿವು ಹೆಚ್ಚಿಸುವ ಔಷಧವನ್ನು ಮೊದಲ ದಿನ ಕೊಡಲಿಲ್ಲ. ಹೊಟ್ಟೆ ತೊಳಸುತ್ತಿರುವವನಿಗೆ ಹಸಿವು ಹೆಚ್ಚಿಸಿದರೆ ಹಿಂಸೆ ಅಷ್ಟೇ. ಎರಡನೇ ದಿನ ತುಟಿ ನೆಕ್ಕುವುದು ನಿಂತ ಮೇಲೆ ಮಿರ್ಟಾಜಪಿನ್, 7.5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ಮೂತ್ರಪಿಂಡದ ದೆಸೆಯಿಂದ ದಿನ ಬಿಟ್ಟು ದಿನ. ಮನುಷ್ಯರಿಗೆ ಖಿನ್ನತೆಗೆ ಕೊಡುವ ಔಷಧ ಇದು, ಬೆಕ್ಕಿನಲ್ಲಿ ಹಸಿವು ಎಬ್ಬಿಸುತ್ತದೆ. ಗುಂಡ ಆ ರಾತ್ರಿಯಿಡೀ ಕೂಗುತ್ತಾ ಪಂಜರದೊಳಗೆ ಶತಪಥ ಹಾಕಿದ. ಇದು ಆ ಔಷಧದ ಗೊತ್ತಿರುವ ಅಡ್ಡಪರಿಣಾಮ. ಬೆಳಿಗ್ಗೆ ಎರಡು ಚಮಚದಷ್ಟು ತಿಂದ, ಅಷ್ಟೇ.

ರಾಯರು ತಂದಿದ್ದ ಮಕ್ಕಳ ಟಾನಿಕ್‌ನಲ್ಲಿದ್ದದ್ದು ಸಿಪ್ರೊಹೆಪ್ಟಡಿನ್. ಅದೂ ಹಸಿವು ಹೆಚ್ಚಿಸುತ್ತದೆ, ಬೆಕ್ಕಿಗೆ ಕೊಡುವುದೂ ಉಂಟು. ಆದರೆ ಮಿರ್ಟಾಜಪಿನ್ ಜಾಸ್ತಿಯಾದರೆ ಅದನ್ನು ಇಳಿಸಲು ಕೊಡುವುದು ಇದನ್ನೇ. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದು ಕಟ್ಟಿದ್ದನ್ನು ಇನ್ನೊಂದು ಕೆಡವುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಹಸಿವೇನೋ ಬರುತ್ತದೆ, ಜೊತೆಗೆ ಸಕ್ಕರೆ ಆಕಾಶಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ಮೂತ್ರಪಿಂಡದ ಕಾಯಿಲೆಯಿರುವ ಬೆಕ್ಕುಗಳ ತೂಕ ಇಳಿಯದಿರಲಿ ಅಂತ 2020ರಲ್ಲಿ ಒಪ್ಪಿಗೆ ಪಡೆದ ಕ್ಯಾಪ್ರೊಮೊರೆಲಿನ್ ಕೂಡ ಸಕ್ಕರೆ ಏರಿಸುವಂಥದ್ದೇ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಹಸಿವಿನ ಔಷಧ ಆರಿಸುವಾಗ ಕೈಗೆ ಸಿಗುವ ಆಯ್ಕೆಗಳು ಕಮ್ಮಿ.

ನಳಿಗೆಯ ಮಾತು

ಎರಡು ಚಮಚ ಸಾಲದು. 4.3 ಕೆಜಿ ಬೆಕ್ಕು ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 200 ಕಿಲೋ ಕ್ಯಾಲರಿ ಬೇಕು. ಲಿವರ್‌ಗೆ ಕೊಬ್ಬು ಸೇರುವುದು ನಿಲ್ಲಬೇಕಾದರೆ ಊಟ ಹೊಟ್ಟೆಗೆ ಹೋಗಲೇಬೇಕು. ಮೂಗಿನಿಂದ ಅನ್ನನಾಳಕ್ಕೆ ಸಣ್ಣ ನಳಿಗೆ ಇಳಿಸೋಣ ಅಂದೆ.

ಮನೆಯವರು ಬೆಚ್ಚಿಬಿದ್ದರು. ರಾಯರ ಅಣ್ಣ ಆಸ್ಪತ್ರೆಯಲ್ಲಿ ಕೊನೆ ದಿನಗಳಲ್ಲಿ ಹಾಗೇ ಮಲಗಿದ್ದರಂತೆ. ನಳಿಗೆ ಅಂದರೆ ಇನ್ನು ಮುಗಿಯಿತು ಅನ್ನುವ ಅರ್ಥ ಅವರ ಮನಸ್ಸಲ್ಲಿ ಕೂತಿತ್ತು. “ಇಷ್ಟು ವಯಸ್ಸಾದ ಜೀವಕ್ಕೆ ಇದೆಲ್ಲ ಬೇಕಾ ಡಾಕ್ಟ್ರೇ? ಮನೆಗೆ ಕರ್ಕೊಂಡು ಹೋಗಿ ಸಿರಿಂಜಲ್ಲೇ ಹಾಕ್ತೀವಿ,” ಅಂದರು ಅಮ್ಮ.

“ಅಮ್ಮಾ, ಸಿರಿಂಜಲ್ಲಿ ಹಾಕೋದೇ ಅವನಿಗೆ ಹಿಂಸೆ,” ಅಂದೆ. “ನಳಿಗೆ ಹಾಕಿದ್ರೆ ಅವನಿಗೆ ಗೊತ್ತೂ ಆಗಲ್ಲ ಊಟ ಹೋಗಿದ್ದು.”

ಒಂದು ರಾತ್ರಿ ಯೋಚಿಸಲು ಸಮಯ ಕೇಳಿದರು. ಕಿವಿಯ ಹಳದಿ ತೋರಿಸಿ, ಯೋಚನೆಗೆ ಸಂಜೆವರೆಗೆ ಮಾತ್ರ ಸಮಯ ಇದೆ ಅಂತ ನೇರವಾಗಿಯೇ ಹೇಳಿದೆ. ಸಂಜೆ ರಾಯರು ಒಬ್ಬರೇ ಬಂದು ಒಪ್ಪಿದರು.

ಈ ನಳಿಗೆಗೆ ಅರಿವಳಿಕೆ ಬೇಡ. ಮೂಗಿಗೆ ಎರಡು ಹನಿ ಮರಗಟ್ಟಿಸುವ ಔಷಧ, ನಿಧಾನಕ್ಕೆ ನಳಿಗೆ ಇಳಿಸುವುದು, ಎಕ್ಸ್‌ರೇಯಲ್ಲಿ ಜಾಗ ಖಾತ್ರಿ ಮಾಡಿಕೊಳ್ಳುವುದು. ಶ್ವಾಸನಾಳಕ್ಕೆ ಹೋಗಿದ್ದರೆ ಊಟ ಶ್ವಾಸಕೋಶ ಸೇರುತ್ತದೆ, ಹಾಗಾಗಿ ಎಕ್ಸ್‌ರೇ ಬಿಡುವಂತಿಲ್ಲ. ಮೊದಲ ದಿನ ಬೇಕಾದ ಕ್ಯಾಲರಿಯ ಮೂರನೇ ಒಂದು ಭಾಗ ಮಾತ್ರ, ತೆಳ್ಳಗಿನ ದ್ರವಾಹಾರ, ಬೆಚ್ಚಗೆ, ಹಲವು ಸಲಕ್ಕೆ ಹಂಚಿ. ಹಸಿದವನಿಗೆ ಒಮ್ಮೆಲೇ ಪೂರ್ತಿ ಊಟ ಕೊಟ್ಟರೆ ರಕ್ತದ ಫಾಸ್ಫರಸ್, ಪೊಟ್ಯಾಸಿಯಂ ಧಡಕ್ಕನೆ ಇಳಿಯುತ್ತವೆ. ಮೂರನೇ ದಿನದ ಹೊತ್ತಿಗೆ ಪೂರ್ತಿ ಪ್ರಮಾಣಕ್ಕೆ ಬಂದೆವು. ಕೀಟೋನ್ ಮಾಯವಾಯಿತು. ಬಿಲಿರುಬಿನ್ ಇಳಿಯತೊಡಗಿತು. ಇನ್ಸುಲಿನ್ ಲೆಕ್ಕವೂ ಸುಲಭವಾಯಿತು, ಯಾಕೆಂದರೆ ಎಷ್ಟು ಊಟ ಹೋಗುತ್ತಿದೆ ಅನ್ನುವುದು ಈಗ ಖಚಿತ.

ನಳಿಗೆಯನ್ನು ಕೊನೆಯ ಅಸ್ತ್ರ ಅಂತ ಇಟ್ಟುಕೊಳ್ಳುವ ರೂಢಿ ನನಗೆ ಒಪ್ಪುವುದಿಲ್ಲ. ಎಲ್ಲ ಕೈಕೊಟ್ಟ ಮೇಲೆ ಹಾಕಿದರೆ ಅಷ್ಟು ಹೊತ್ತಿಗೆ ಲಿವರ್ ಕೂಡ ಕೈಕೊಟ್ಟಿರುತ್ತದೆ. ಮೂರು ದಿನ ಊಟವಿಲ್ಲದ ಬೆಕ್ಕಿಗೆ ಅದು ಬೇಗ ಕೊಡಬೇಕಾದ ಚಿಕಿತ್ಸೆ.

ಅಡುಗೆಮನೆ ಬಿಟ್ಟು ಜಗಲಿಗೆ

ನಳಿಗೆ ಇರುವಾಗಲೇ ದಿನವೂ ತಟ್ಟೆಯಲ್ಲಿ ಸ್ವಲ್ಪ ಊಟ ಇಡುತ್ತಿದ್ದೆವು, ಹತ್ತು ನಿಮಿಷ ಇಟ್ಟು ತೆಗೆದುಬಿಡುವುದು. ಯಾರೂ ಒತ್ತಾಯ ಮಾಡುವಂತಿಲ್ಲ. ಒಂದು ಬೆಳಿಗ್ಗೆ ತಾನಾಗಿ ತಿನ್ನಲು ಶುರು ಮಾಡಿದ. ಬೇಕಾದುದರ ಅರ್ಧಕ್ಕಿಂತ ಹೆಚ್ಚು ಸ್ವಂತವಾಗಿ ತಿನ್ನತೊಡಗಿದ ಮೇಲೆ ನಳಿಗೆ ತೆಗೆದು ಮನೆಗೆ ಕಳಿಸಿದೆ.

ಮನೆಯಲ್ಲಿ ಮತ್ತೆ ನಿಂತಿತು. ಕ್ಲಿನಿಕ್‌ನಲ್ಲಿ ತಿಂದವನು ಮನೆಯಲ್ಲಿ ತಟ್ಟೆ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದ. ಫೋನಿನಲ್ಲಿ ಒಂದೊಂದಾಗಿ ಕೇಳುತ್ತಾ ಹೋದಾಗ ಗೊತ್ತಾಯಿತು: ಊಟ ಇಡುತ್ತಿದ್ದದ್ದು ಅದೇ ಅಡುಗೆಮನೆಯ ಮೂಲೆ, ತಟ್ಟೆ ಅದೇ, ಟವೆಲ್ ಪಕ್ಕದಲ್ಲೇ ನೇತಾಡುತ್ತಿತ್ತು. ಬೆಕ್ಕು ಹೊಟ್ಟೆ ತೊಳಸಿದಾಗ ತಿಂದದ್ದನ್ನೂ, ಬಲವಂತವಾಗಿ ತಿನ್ನಿಸಿದ ಜಾಗವನ್ನೂ ಮರೆಯುವುದಿಲ್ಲ. ಹಾಗಾಗಿ ಜಾಗ ಜಗಲಿಗೆ ಬದಲಾಯಿತು. ತಟ್ಟೆ ಹೊಸದು, ಅಗಲದ್ದು, ಅಂಚು ಕಮ್ಮಿ ಇರುವಂಥದ್ದು. ಹಳೇ ಒಣ ತಿಂಡಿ ಪೂರ್ತಿ ಬಂದ್. ಮಾತ್ರೆಯನ್ನು ಊಟದಲ್ಲಿ ಮುಚ್ಚಿಡುವುದೂ ಬಂದ್.

ಇನ್ನು ಮಾಂಸದ ಪ್ರಶ್ನೆ. ಬೇಯಿಸಿದ ಕೋಳಿ ಒಳ್ಳೆಯದು ಅಂತ ಹೇಳುವಾಗ ನನಗೇ ಸ್ವಲ್ಪ ಸಂಕೋಚ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಳಗೆ ಬೇಡ. ಕೆಳಗಡೆ ಮನೆಯವರು ಬೇಯಿಸಿ ಕೊಡ್ತಾರೆ. ಜಗಲೀಲಿ ತಿನ್ಲಿ,” ಅಂದರು. ಕೆಳಗಡೆ ಮನೆಯಾಕೆ ಖುಷಿಯಿಂದ ಒಪ್ಪಿ ಮೊದಲ ದಿನವೇ ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸೂಪ್ ತಯಾರು ಮಾಡಿದ್ದರಂತೆ. ಗುಂಡನ ಮುಂದೆ ಇಡುವ ಮುಂಚೆ ನನಗೊಂದು ಫೋನ್ ಬಂದದ್ದು ಒಳ್ಳೆಯದಾಯಿತು. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಉಪ್ಪು ಮಸಾಲೆ ಏನೂ ಇಲ್ಲದ, ಬರೀ ನೀರಲ್ಲಿ ಬೆಂದ ಕೋಳಿ, ಬೆರಳಿಗೆ ಬೆಚ್ಚಗೆ ತಾಕುವಷ್ಟು ಬಿಸಿಯಲ್ಲಿ. ಬೆಕ್ಕು ಊಟ ಒಪ್ಪುವುದು ಮುಖ್ಯವಾಗಿ ಮೂಗಿನಿಂದ. ಫ್ರಿಜ್ಜಿನಿಂದ ತೆಗೆದ ತಣ್ಣನೆಯದರಲ್ಲಿ ವಾಸನೆಯೇ ಇರುವುದಿಲ್ಲ.

ಕೋಳಿ ಒಂದರಲ್ಲೇ ಎಲ್ಲ ಪೋಷಕಾಂಶ ಇರುವುದಿಲ್ಲ. ಅದು ಬಾಯಿ ತೆರೆಸಲು ಮಾತ್ರ. ಕೆಲವು ದಿನ ಆದ ಮೇಲೆ ಪೌಚಿನಲ್ಲಿ ಬರುವ, ಪಿಷ್ಟ ಕಮ್ಮಿ ಇರುವ ಒದ್ದೆ ಊಟದ ಮೇಲೆ ಕೋಳಿ ಉದುರಿಸಿ ಕೊಡುತ್ತಾ, ಕ್ರಮೇಣ ಕೋಳಿ ಇಳಿಸಿದೆವು. ಮೂತ್ರಪಿಂಡಕ್ಕೆ ಬೇರೆ ಊಟ, ಸಕ್ಕರೆಗೆ ಬೇರೆ ಊಟ, ಮೇದೋಜೀರಕಕ್ಕೆ ಬೇರೆ ಊಟ ಅಂತ ಲೆಕ್ಕ ಹಾಕುವ ಕಾಲ ಇದಲ್ಲ ಅಂತ ತೀರ್ಮಾನಿಸಿದ್ದೆ. ತಿನ್ನುವ ಊಟವೇ ಸರಿಯಾದ ಊಟ. ನೀರಿನ ಅಂಶ ಜಾಸ್ತಿ ಇರುವ ಒದ್ದೆ ಊಟ ಮೂತ್ರಪಿಂಡಕ್ಕೂ ಹಿತವೇ ಅಲ್ವಾ.

ಊಟ ಬಂದ ಮೇಲಿನ ಅಪಾಯ

ಊಟ ಬಂತು ಅಂದ ಕೂಡಲೇ ಎಲ್ಲರೂ ಉಸಿರು ಬಿಟ್ಟರು. ನಾನು ಮಾತ್ರ ಮೀಟರ್ ಮೇಲೆ ಕಣ್ಣಿಡಿ ಅಂತ ರಾಯರಿಗೆ ಹೇಳುತ್ತಲೇ ಇದ್ದೆ. ಕಾರಣ ಸರಳ. ಮೊಸರನ್ನ, ಹಾಲು, ಒಣ ತಿಂಡಿ ಹೋಗಿದೆ, ಅಂದರೆ ಪಿಷ್ಟ ಇಳಿದಿದೆ. ಉರಿಯೂತ ತಗ್ಗಿದೆ, ಅಂದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಳೇ ಡೋಸ್ ಈಗ ಜಾಸ್ತಿಯಾಗಬಹುದು.

ಹಾಗೇ ಆಯಿತು. ಒಂದು ಸಂಜೆ ಇಂಜೆಕ್ಷನ್‌ಗೆ ಮುಂಚೆ ಕಿವಿ ಚುಚ್ಚಿ ನೋಡಿದರೆ 64. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಇರುವುದಕ್ಕಿಂತ ಸ್ವಲ್ಪ ಕಮ್ಮಿಯೇ ತೋರಿಸುತ್ತದೆ. ಆದರೂ ಚುಚ್ಚುವ ಹೊತ್ತಿಗೆ ಅಷ್ಟು ಇದ್ದರೆ ಚುಚ್ಚುವಂತಿಲ್ಲ. ರಾಯರು ಇನ್ಸುಲಿನ್ ಪಕ್ಕಕ್ಕಿಟ್ಟು, ಊಟ ಇಟ್ಟು, ಫೋನ್ ಮಾಡಿದರು. ಅಲುಗಾಟ, ತೂರಾಟ ಏನೂ ಇರಲಿಲ್ಲ. ಇದ್ದಿದ್ದರೆ ಒಸಡಿಗೆ ಜೇನುತುಪ್ಪ ಸವರಿ ಸೀದಾ ಓಡಿಬರಬೇಕಿತ್ತು. ಮರುದಿನದಿಂದ ಡೋಸ್ 1 ಯೂನಿಟ್.

ರಾಯರ ಏಕಾದಶಿ ಲೆಕ್ಕದ ಬದಲು ಈಗ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚೀಟಿ ಅಂಟಿದೆ. ಅರ್ಧಕ್ಕಿಂತ ಕಮ್ಮಿ ತಿಂದರೆ ಮೊದಲು ಸಕ್ಕರೆ ನೋಡುವುದು, ಮೂತ್ರದಲ್ಲಿ ಕೀಟೋನ್ ಪಟ್ಟಿ ಅದ್ದುವುದು, ಎರಡೂ ಅಂಕಿ ಇಟ್ಟುಕೊಂಡು ಫೋನ್ ಮಾಡುವುದು. ಡೋಸ್ ಅರ್ಧವೋ, ಪೂರ್ತಿ ಬಿಡುವುದೋ ಅನ್ನುವುದು ಆ ಮಾತಿನಲ್ಲೇ ತೀರ್ಮಾನವಾಗಬೇಕು. ಪ್ರತಿ ಬೆಕ್ಕಿಗೂ ಈ ಲೆಕ್ಕ ಬೇರೆ, ಹಾಗಾಗಿ ಗುಂಡನ ಚೀಟಿಯನ್ನು ಯಾರೂ ತಮ್ಮ ಮನೆಗೆ ಇಳಿಸಿಕೊಳ್ಳುವುದು ಬೇಡ. ಸತತ ಎರಡು ಹೊತ್ತು ಏನೂ ತಿನ್ನದಿದ್ದರೆ ಬುಟ್ಟಿಯಲ್ಲಿ ಕೂರಿಸಿ ಕರೆದುಕೊಂಡು ಬರುವುದು, ಅದರಲ್ಲಿ ಮಾತುಕತೆ ಇಲ್ಲ.

ಎರಡು ತಿಂಗಳಲ್ಲಿ ತೂಕ 4.7ಕ್ಕೆ ಬಂತು. ಇನ್ಸುಲಿನ್ ಪೂರ್ತಿ ನಿಲ್ಲಬಹುದು ಅಂತ ರಾಯರಿಗೆ ಆಸೆ ಇತ್ತು. ಊಟ ಬದಲಾಯಿಸಿ ಬೇಗ ಹಿಡಿತಕ್ಕೆ ತಂದ ಕೆಲವು ಬೆಕ್ಕುಗಳಲ್ಲಿ ಹಾಗಾಗುವುದು ನಿಜ. ಗುಂಡನಿಗೆ ಆಗಲಿಲ್ಲ. ಮೇದೋಜೀರಕ ಗ್ರಂಥಿ ನಡುವೆ ಒಮ್ಮೆ ಮತ್ತೆ ಕೆರಳಿತು. ಈ ಸಲ ತಟ್ಟೆಯ ಮುಂದೆ ತುಟಿ ನೆಕ್ಕಿದ್ದನ್ನು ಅಮ್ಮನೇ ಕಂಡು ಅವತ್ತೇ ಕರೆತಂದರು. ಕೀಟೋನ್ ಇರಲಿಲ್ಲ. ಹೊಟ್ಟೆ ತೊಳಸುವುದಕ್ಕೆ, ನೋವಿಗೆ ಇಂಜೆಕ್ಷನ್, ಚರ್ಮದ ಕೆಳಗೆ ಸ್ವಲ್ಪ ಡ್ರಿಪ್. ಸಂಜೆಗೆ ಮನೆಗೆ ಹೋಗಿ ತಿಂದ.

ಆ ಕೆಳದವಡೆಯ ಹಲ್ಲು ಇನ್ನೂ ಬಾಕಿ ಇದೆ. ಈಗ ಒಂದೇ ಕಡೆ ಅಗಿಯುತ್ತಾನೆ ಅಂತ ಅಮ್ಮ ಹೇಳುತ್ತಿದ್ದಾರೆ. ಮುಂದಿನ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರದೆ ನಿಂತಿದ್ದರೆ ಅರಿವಳಿಕೆ ಕೊಟ್ಟು ಕೀಳುವುದು ಅಂತ ಮಾತಾಗಿದೆ. ಹಿಂದಿನ ರಾತ್ರಿಯ ಊಟ ಎಷ್ಟು, ಬೆಳಗಿನ ಇನ್ಸುಲಿನ್ ಎಷ್ಟು ಅನ್ನುವುದನ್ನು ರಾಯರು ಈಗಲೇ ಬರೆಸಿಕೊಂಡು ಹೋಗಿದ್ದಾರೆ.